ಪರೀಕ್ಷೆಯ ವಾರ ನಿಂತಿದ್ದ ಪಂಪು

ಕೋವಿಡ್ ನಿರ್ಬಂಧಗಳೆಲ್ಲ ತೆರವಾದ ಮರುವರ್ಷ ನಾನು ಕ್ವಾಲಾಲಂಪುರದ ದಕ್ಷಿಣಕ್ಕಿರುವ ಪುತ್ರಜಯಾ ಪಕ್ಕದ ಸೈಬರ್‌ಜಯಾದಲ್ಲಿ, ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಹಿರಿಯ ಜಲಭೂವಿಜ್ಞಾನಿಯಾಗಿದ್ದೆ. ನೆಲದಡಿ ಎಷ್ಟು ನೀರಿದೆ, ಅದರಲ್ಲಿ ಎಷ್ಟು ತೆಗೆದರೆ ಯಾರಿಗೆ ಕೊರತೆಯಾಗುತ್ತದೆ ಎಂದು ಅಂದಾಜು ಮಾಡುವುದು ನನ್ನ ಕೆಲಸ. ಧಾರವಾಡದಲ್ಲಿ ಓದು ಮುಗಿಸಿದಾಗಿನಿಂದ ಹತ್ತೊಂಬತ್ತು ವರ್ಷ ಬೇರೆ ಕೆಲಸ ಮಾಡಿದವಳಲ್ಲ. ಅಷ್ಟು ವರ್ಷಗಳಲ್ಲಿ ಸಹಿ ಹಾಕಿದ ವರದಿಯನ್ನು ಹಿಂದಕ್ಕೆ ಪಡೆದದ್ದು ಒಮ್ಮೆ ಮಾತ್ರ.

ಕ್ವಾಲಾಲಂಪುರದ ಒಂದು ಇಂಧನ ಕಂಪನಿ ಉತ್ತರ ಆಸ್ಟ್ರೇಲಿಯಾದ ಒಣ ಬಯಲಿನಲ್ಲಿ ಶೇಲ್ ಗ್ಯಾಸ್ ತೆಗೆಯುವ ಹಕ್ಕಿನ ಒಂದು ಬ್ಲಾಕ್ ಕೊಳ್ಳಲು ಹೊರಟಿತ್ತು. ಶೇಲ್ ಎಂದರೆ ಪದರುಪದರಾದ ಗಟ್ಟಿ ಜೇಡಿಕಲ್ಲು. ಅದರೊಳಗೆ ಸಿಕ್ಕಿಕೊಂಡ ಅನಿಲ ತಾನಾಗಿ ಹೊರಬರುವುದಿಲ್ಲ. ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಕಲ್ಲನ್ನು ಸೀಳಬೇಕು. ಇದೇ ಫ್ರ್ಯಾಕಿಂಗ್. ಆ ಯೋಜನೆಯಲ್ಲಿ ಒಂದೊಂದು ಅನಿಲ ಬಾವಿಗೆ ಒಂದೂವರೆ ಕೋಟಿ ಲೀಟರ್ ನೀರು ಬೇಕಿತ್ತು. ಮೊದಲ ಹಂತಕ್ಕೇ ಇಪ್ಪತ್ತು ಬಾವಿ. ಸುತ್ತಮುತ್ತ ವರ್ಷವಿಡೀ ಹರಿಯುವ ನದಿ ಇರಲಿಲ್ಲ. ಇದ್ದದ್ದು ಅಂತರ್ಜಲ, ಮತ್ತು ಅದನ್ನೇ ಕುಡಿದು ಬದುಕಿದ್ದ ಒಂಬೈನೂರು ಜನರ ಒಂದು ಊರು.

ಅಷ್ಟು ನೀರು ಸಿಗುತ್ತದೆಯೇ ಎಂದು ಪರಿಶೀಲಿಸುವ ಕೆಲಸವನ್ನು ಕಂಪನಿ ನಮ್ಮ ಸಂಸ್ಥೆಗೆ ಒಪ್ಪಿಸಿತ್ತು. ಮಾರುವವರು ಪಂಪಿಂಗ್ ಟೆಸ್ಟಿನ ವರದಿ ಕೊಟ್ಟಿದ್ದರು. ಕೊಳವೆಬಾವಿಯಿಂದ ಮೂರು ದಿನ ಬಿಡದೆ ಒಂದೇ ವೇಗದಲ್ಲಿ ನೀರೆತ್ತಿ, ಮಟ್ಟ ಎಷ್ಟು ಕುಸಿಯಿತೆಂದು ಅಳೆಯುವ ಪರೀಕ್ಷೆ ಅದು. ಕುಸಿತ ಕಡಿಮೆಯಾದಷ್ಟೂ ನೀರು ಧಾರಾಳ. ವರದಿಯ ಗ್ರಾಫ್ ಹೆಚ್ಚುಕಡಿಮೆ ಸಪಾಟಾಗಿತ್ತು. ಶುಕ್ರವಾರ ನಾನು ‘ನೀರು ಸಾಕಾಗುತ್ತದೆ’ ಎಂದು ಬರೆದು, ಸಹಿ ಹಾಕಿ ಕಳಿಸಿಬಿಟ್ಟೆ. ಬುಧವಾರ ಕಂಪನಿಯ ಬೋರ್ಡ್ ಸಭೆಯಿತ್ತು.

ಸೋಮವಾರ ಬೆಳಿಗ್ಗೆ ಸಭೆಗೆ ಸ್ಲೈಡ್ ಮಾಡಲು ಕುಳಿತೆ. ವರದಿಯಲ್ಲಿದ್ದ ಗ್ರಾಫ್ ಮಸುಕಾಗಿದ್ದರಿಂದ, ಮತ್ತೆ ಬರೆಯೋಣವೆಂದು ಮೂಲ ಅಂಕಿಗಳ ಫೈಲನ್ನು ಮೊದಲ ಸಲ ತೆರೆದೆ. ಅದರಲ್ಲಿ ಪರೀಕ್ಷೆಗೆ ಮುಂಚಿನ ಎರಡು ದಿನಗಳ ಅಳತೆಯೂ ಇತ್ತು. ಆ ಎರಡು ದಿನ ಬಾವಿಯ ನೀರು ಸುಮ್ಮನಿರಲಿಲ್ಲ, ಗಂಟೆಗಂಟೆಗೂ ಮೇಲೇರುತ್ತಿತ್ತು. ಆ ತಿಂಗಳು ಅಲ್ಲಿ ಮಳೆ ಬಿದ್ದಿರಲಿಲ್ಲ. ಮಳೆಯಿಲ್ಲದೆ ನೀರು ಹಾಗೆ ಏರಬೇಕಾದರೆ, ಪಕ್ಕದಲ್ಲಿ ಸದಾ ನೀರೆತ್ತುತ್ತಿದ್ದ ಯಾರೋ ಎತ್ತುವುದನ್ನು ನಿಲ್ಲಿಸಿರಬೇಕು. ಆ ಏರಿಕೆಯೇ ಪರೀಕ್ಷೆಯ ಕುಸಿತವನ್ನು ಮುಚ್ಚಿಹಾಕಿ ಗ್ರಾಫನ್ನು ಸಪಾಟಾಗಿಸಿತ್ತು.

ಊರಿನ ಪುರಸಭೆಯ ನಂಬರ್ ಹುಡುಕಿ ಫೋನ್ ಮಾಡಿದೆ. ನೀರು ವಿಭಾಗದ ಮಾರ್ಗರೆಟ್ ಎಂಬ ಹಿರಿಯ ಮಹಿಳೆ ಮಾತಿಗೆ ಸಿಕ್ಕರು. ನಾನು ಯಾರೆಂದು ಹೇಳಿ, ಪರೀಕ್ಷೆ ನಡೆದ ವಾರ ನಿಮ್ಮ ಪಂಪು ನಡೆಯುತ್ತಿತ್ತೇ ಎಂದು ಕೇಳಿದೆ.

“ಇಲ್ಲವಲ್ಲ, ಐದು ದಿನ ಆಫ್ ಮಾಡಿದ್ದೆವು. ಟೆಸ್ಟ್ ಮಾಡುವವರೇ ಕೇಳಿಕೊಂಡಿದ್ದರು. ಶಾಲೆಗೂ ಆಸ್ಪತ್ರೆಗೂ ಟ್ಯಾಂಕರ್ ತರಿಸಿಕೊಟ್ಟರು,” ಎಂದರು. ಆಮೇಲೆ ದನಿ ಬದಲಾಯಿತು. “ಯಾಕೆ ಕೇಳುತ್ತಿದ್ದೀರಿ? ನಮ್ಮ ಬಾವಿಗೆ ಏನಾದರೂ ಆಗುತ್ತದೆಯೇ?”

ಉತ್ತರ ನನಗೆ ಗೊತ್ತಿತ್ತು. ಆದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದೆ. “ಸದ್ಯಕ್ಕೆ ಏನೂ ಹೇಳುವಂತಿಲ್ಲ,” ಎಂದು ಫೋನ್ ಇಟ್ಟೆ.

ನಿಲಾಯ್ ಪಟ್ಟಣದ ನಮ್ಮ ಮನೆಗೆ ಬಂದಾಗ ಸಂಜೆಯ ಮಳೆ ಧೋ ಎಂದು ಹೊಯ್ಯುತ್ತಿತ್ತು. ನನ್ನ ಗಂಡ ಸುಧೀರ ಉಡುಪಿಯವರು, ನಿಲಾಯ್‌ನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. “ಎಂತ ಆಯ್ತು ಮಾರಾಯ್ತಿ? ಮಾಮಾಕ್ ಹೋಟೆಲಿನಿಂದ ರೊಟ್ಟಿ ತಪಾವ್ ಮಾಡ್ಕೊಂಡು ಬಂದಿದ್ದೇನೆ, ನೀನು ಪಾರ್ಸಲ್ ಮುಟ್ಟಿಯೇ ಇಲ್ಲ,” ಎಂದರು.

“ಫೈಲ್ ತೆಗದು ನೋಡಲಾರದ ಸಹಿ ಮಾಡೇನ್ರೀ. ಇಡೀ ಊರಿನ ನೀರು ಅದು.”

“ಪೇಷಂಟಿಗೆ ತಪ್ಪು ಔಷಧಿ ಬರೆದದ್ದು ಗೊತ್ತಾದ್ರೆ ನಾವು ಮರುದಿನದವರೆಗೆ ಕಾಯುವುದಿಲ್ಲ,” ಎಂದರು ಅವರು. ಕೂಡಲೇ ನಮ್ಮ ಸಂಸ್ಥೆಯ ನಿರ್ದೇಶಕ ಅಜ್ಮಾನ್ ಅವರಿಗೆ ಫೋನ್ ಹಚ್ಚಿ ಎಲ್ಲ ಹೇಳಿದೆ.

“ಊರಿಗೇ ಫೋನ್ ಮಾಡಿದಿರಾ? ಗೋಪ್ಯತೆಯ ಒಪ್ಪಂದ ಇದೆ ಲಾ!” ಅಲ್ಲಿನವರು ಮಾತಿನ ಕೊನೆಗೆ ಸೇರಿಸುವ ‘ಲಾ’ದೊಂದಿಗೆ ಅಜ್ಮಾನ್ ದನಿ ಏರಿತು. ಆಮೇಲೆ ದನಿ ತಗ್ಗಿಸಿ, “ಕೊನೆಯಲ್ಲಿ ಒಂದು ಸಾಲು ಸೇರಿಸೋಣ. ‘ಇನ್ನಷ್ಟು ಪರೀಕ್ಷೆ ಒಳ್ಳೆಯದು’ ಅಂತ. ಸಾಕಲ್ಲ?” ಎಂದರು.

“ಆ ಸಾಲನ್ನು ಯಾರೂ ಓದೋದಿಲ್ಲ ಸರ್. ವರದಿ ತಪ್ಪು ಅಂತಲೇ ಹೇಳಬೇಕು.”

“ಹಾಗಾದ್ರೆ ನೀವೇ ಹೇಳಿ,” ಎಂದು ಅವರು ಫೋನ್ ಇಟ್ಟರು. ಮಂಗಳವಾರವಿಡೀ ಅವರು ನನ್ನೊಡನೆ ಮಾತಾಡಲಿಲ್ಲ. ಕೆಲಸ ಹೋದರೆ ನನ್ನ ವೀಸಾದ ಗತಿ ಏನೆಂದು ಯೋಚಿಸುತ್ತ ಸ್ಲೈಡುಗಳನ್ನು ಬದಲಾಯಿಸಿದೆ.

ಬುಧವಾರ ಬೋರ್ಡಿನ ಮುಂದೆ ನಿಂತು, “ಶುಕ್ರವಾರ ನಾನು ಕಳಿಸಿದ ವರದಿ ತಪ್ಪು,” ಎಂದೇ ಶುರುಮಾಡಿ, ಪರೀಕ್ಷೆಯ ವಾರ ಊರಿನ ಪಂಪು ನಿಂತಿದ್ದದ್ದನ್ನು ತಿಳಿಸಿದೆ. ಅಧ್ಯಕ್ಷೆ ಕನ್ನಡಕ ತೆಗೆದು ನನ್ನನ್ನು ನೋಡಿದರು. “ಮೊದಲ ಸಲ ಯಾಕೆ ಕಾಣಲಿಲ್ಲ?”

“ಫೈಲ್ ತೆರೆಯಲಿಲ್ಲ, ಮೇಡಮ್.”

ಖರೀದಿಯನ್ನು ಅಂದು ಮುಂದೂಡಿದರು. ಎರಡು ತಿಂಗಳ ನಂತರ ಊರಿನ ಪಂಪು ಓಡುತ್ತಿರುವಾಗಲೇ ಮರುಪರೀಕ್ಷೆ ಆಯಿತು. ಎರಡನೆಯ ದಿನವೇ ಊರಿನ ಬಾವಿಯ ಪಂಪು ನೀರಿನ ಬದಲು ಗಾಳಿ ಎಳೆಯತೊಡಗಿತು. ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಕಂಪನಿ ಹಿಂದೆ ಸರಿಯಿತು. ನನ್ನ ಕೆಲಸ ಉಳಿಯಿತು, ಆದರೆ ಆ ಕಂಪನಿ ಮತ್ತೆಂದೂ ನಮಗೆ ಕೆಲಸ ಕೊಡಲಿಲ್ಲ.

ಮರುಪರೀಕ್ಷೆಯ ಫಲಿತಾಂಶವನ್ನು ಪುರಸಭೆಗೂ ಕೊಡಬೇಕೆಂದು ನಾನು ಹಟ ಹಿಡಿದಿದ್ದೆ. ಅದು ತಲುಪಿದ ಮೇಲೆ ಮಾರ್ಗರೆಟ್ ನನಗೊಂದು ಮೇಲ್ ಬರೆದರು. ಧನ್ಯವಾದ ಹೇಳಿ, ಕೆಳಗೆ ಹೀಗೆ ಸೇರಿಸಿದ್ದರು: “ಅಂದು ನೀವು ಉತ್ತರ ಕೊಡದೆ ಫೋನ್ ಇಟ್ಟಿರಿ. ಅಂದಿನಿಂದ ಎರಡು ತಿಂಗಳು ನಾನು ಟ್ಯಾಂಕಿನ ನೀರಿನ ಮಟ್ಟದ ಗೇಜು ನೋಡುತ್ತ ಕೂತಿದ್ದೆ.”

ಅವರಿಗೆ ನಾನು ಬರೆದ ಉತ್ತರ ಚಿಕ್ಕದು, ಕ್ಷಮೆಯಷ್ಟೇ. ಈ ವೃತ್ತಿ ನನಗೆ ಕಲಿಸಿದ್ದೂ ಚಿಕ್ಕದೇ. ಒಂದು ಬಾವಿ ಎಷ್ಟು ನೀರು ಕೊಟ್ಟಿತೆಂದು ಯಾರಾದರೂ ಗ್ರಾಫ್ ಮುಂದಿಟ್ಟರೆ, ನಾನೀಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಆಗ ಯಾರು ನೀರೆತ್ತುವುದನ್ನು ನಿಲ್ಲಿಸಿದ್ದರು?