ದಾಕ್ಷಾಯಿಣಿ ಬಾಯಿ ಮತ್ತು ಮೂಡಲಗಿಯ ಚಾನೆಲ್

ಗೊತ್ತಿಲ್ಲ ಎನ್ನುವವರ ಮೇಲೆ ದಾಕ್ಷಾಯಿಣಿ ಬಾಯಿಗೆ ಎಂದೂ ಸಿಟ್ಟು ಬಂದದ್ದಿಲ್ಲ. ಗೊತ್ತಿಲ್ಲದೆಯೂ ಗೊತ್ತಿದೆ ಎನ್ನುವವರನ್ನು ಮಾತ್ರ ಅವರು ಚಪ್ಪಲಿಗೆ ಮೆತ್ತಿದ ಕೆಸರನ್ನು ನೋಡುವಂತೆ ನೋಡುತ್ತಾರೆ. ಗೋಕಾಕದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಅವರು ಹದಿನೇಳು ವರ್ಷದಿಂದ ಆಪರೇಟರ್. ಮನೆ ಕೊಣ್ಣೂರಿನಲ್ಲಿ. ಚಹಾಕ್ಕೆ ತಮ್ಮದೇ ಲೋಟ ತರುತ್ತಾರೆ, ಬರೆಯುವುದು ಪೆನ್ಸಿಲಿನಲ್ಲಿ. ತಪ್ಪು ಬರೆದರೆ ಅಳಿಸುವುದಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ.

ಆ ವಿಭಾಗದ ಮುಖ್ಯಸ್ಥರು ಶಿವಪುತ್ರ ಸಾಹೇಬರು. ಮೂರು ವರ್ಷದ ಹಿಂದೆ ಬಂದವರು. ‘ಆಟೋಮ್ಯಾಟಿಕ್’ ಎಂಬ ಒಂದು ಶಬ್ದದ ಬಲದ ಮೇಲೆ ಮೂರೂ ವರ್ಷ ಕಳೆದಿದ್ದರು. ಯಾವುದು ಕೆಟ್ಟರೂ ಅವರ ಔಷಧ ಒಂದೇ, ಬಂದ್ ಮಾಡಿ ಚಾಲೂ ಮಾಡುವುದು. ಅದಕ್ಕೂ ಬಗ್ಗದಿದ್ದರೆ ರೋಗದ ಹೆಸರು ನೆಟ್‌ವರ್ಕ್.

ಕಾರ್ಖಾನೆಗೆ ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಕಬ್ಬಿನ ಕಚೇರಿಗಳಿವೆ. ಕಬ್ಬು ಹೇರಿಕೊಂಡು ಟ್ರ್ಯಾಕ್ಟರ್ ಹೊರಟ ಕೂಡಲೇ ಅಲ್ಲಿಯ ಗುಮಾಸ್ತ ಅದರ ನಂಬರನ್ನೂ ರೈತನ ಹೆಸರನ್ನೂ ಕಂಪ್ಯೂಟರಿಗೆ ಹಾಕುತ್ತಾನೆ. ಆ ಸಂದೇಶ ಮೊದಲು ಅಲ್ಲಿಯೇ ಒಂದು ಸರತಿಯಲ್ಲಿ ನಿಲ್ಲುತ್ತದೆ. ಸರತಿಯಿಂದ ಗೋಕಾಕಕ್ಕೆ ದಾಟಿಸುವ ದಾರಿಗೆ ಚಾನೆಲ್ ಎನ್ನುತ್ತಾರೆ. ಕೆಲಸವಿಲ್ಲದಾಗ ಚಾನೆಲ್ ಮಲಗಿರುತ್ತದೆ; ಖಾಲಿ ಸರತಿಗೆ ಮೊದಲ ಸಂದೇಶ ಬಿದ್ದೊಡನೆ ತಾನಾಗಿ ಎದ್ದು ಓಡಬೇಕು. ಓಡದಿದ್ದರೆ ಗೇಟಿನವನಿಗೆ ನಂಬರು ಕಾಣುವುದಿಲ್ಲ, ಟ್ರ್ಯಾಕ್ಟರ್ ಹೊರಗೇ ನಿಲ್ಲುತ್ತದೆ, ಬಿಸಿಲಿಗೆ ಕಬ್ಬಿನ ತೂಕ ಇಳಿಯುತ್ತದೆ.

ಈ ಹಂಗಾಮಿನಲ್ಲಿ ಮೂಡಲಗಿಯ ಚಾನೆಲ್ ಮೂರು ಸಲ ಏಳಲಿಲ್ಲ. ಮೂರು ಸಲವೂ ಶಿವಪುತ್ರ ಸಾಹೇಬರು ಕಂಪ್ಯೂಟರನ್ನು ಬಂದ್ ಮಾಡಿಸಿ ಚಾಲೂ ಮಾಡಿಸಿದರು, ಏನೂ ಆಗಲಿಲ್ಲ. ಕೊನೆಗೆ ಮಧ್ಯಾಹ್ನದ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಯವರು ದೂರದಿಂದಲೇ ಏನೋ ಒತ್ತಿ ಓಡಿಸಿದರು. ಏನು ಒತ್ತಿದಿರಿ ಎಂದು ಸಾಹೇಬರು ಕೇಳಲಿಲ್ಲ. ಕೇಳಿದರೆ ತಮಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದಲ್ಲ.

ಮೊದಲೆರಡು ಸಲ ಕಾರಣದ ಜಾಗದಲ್ಲಿ ‘ನೆಟ್‌ವರ್ಕ್’ ಎಂದು ಬರೆದರು. ಮೂರನೆಯ ಸಲ ಮೂವತ್ತೊಂದು ಟ್ರ್ಯಾಕ್ಟರ್ ರಸ್ತೆಯ ಮೇಲೆ ನಿಂತಾಗ ನೆಟ್‌ವರ್ಕ್ ಸಾಲಲಿಲ್ಲ, ಒಬ್ಬ ಮನುಷ್ಯ ಬೇಕಾದ. ಮೂಡಲಗಿಯ ಗುಮಾಸ್ತ ದುಂಡಪ್ಪನಿಗೆ ನೋಟೀಸು ಹೋಯಿತು: ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯಲಾಗುವುದು.

ದುಂಡಪ್ಪನಿಗೆ ಐವತ್ತಾರು ವರ್ಷ. ಇಪ್ಪತ್ತೈದು ವರ್ಷ ಕಬ್ಬು ತೂಗುವ ಕಾಟಾದ ಮೇಲೆ ಇದ್ದವನು. ಐವತ್ತು ದಾಟಿದ ಮೇಲೆ ಎರಡು ಬೆರಳಿನಲ್ಲಿ ಕಂಪ್ಯೂಟರ್ ಕಲಿತವನು.

“ಹುಕ್ಕೇರಿ ಚಾನೆಲ್ ನೋಡ್ರಿ, ಒಂದ ದಿನಾನೂ ನಿಂತಿಲ್ಲ,” ಎಂದರು ಶಿವಪುತ್ರ ಸಾಹೇಬರು. “ಎರಡೂ ಕಡೆ ಸಿಸ್ಟಂ ಒಂದ ಐತಿ. ಅಂದ್ರ ದೋಷ ಮನಶ್ಯಾನೊಳಗ ಐತಿ.”

“ಮನಶ್ಯಾ ಏನ ಮಾಡ್ಯಾನ ಅಂತ ನೋಡಿದ್ರೇನ್ರಿ?”

“ಅದನ್ನೇನ ನೋಡೂದೈತ್ರಿ ಬಾಯಾರ? ಎಲ್ಲಾ ಆಟೋಮ್ಯಾಟಿಕ್.”

“ಹೌದ್ರಿ, ನೋಟೀಸೂ ಆಟೋಮ್ಯಾಟಿಕ್ ಬಂದೈತಿ,” ಎಂದು ದಾಕ್ಷಾಯಿಣಿ ಬಾಯಿ ತಮ್ಮ ಕುರ್ಚಿಗೆ ಹೋದರು.

ಅವರಿಗೆ ಎಲ್ಲವನ್ನೂ ನೋಡುವ ಅಧಿಕಾರವಿತ್ತು, ಯಾವುದನ್ನೂ ಮುಟ್ಟುವ ಅಧಿಕಾರವಿರಲಿಲ್ಲ. ಆದ್ದರಿಂದ ನೋಡಿದರು. ಸಂದೇಶ ಬಂದಾಗ ಚಾನೆಲ್ಲನ್ನು ಎಬ್ಬಿಸು ಎಂಬ ಸೂಚನೆ ಸರತಿಯಲ್ಲಿ ಬರೆದಿದೆಯೇ? ಬರೆದಿತ್ತು. ಎಬ್ಬಿಸಬೇಕಾದ ಚಾನೆಲ್ಲಿನ ಹೆಸರು ಅಕ್ಷರ ತಪ್ಪದೆ ಇದೆಯೇ? ಇತ್ತು. ಎಬ್ಬಿಸುವ ಕೆಲಸದ ಪ್ರೋಗ್ರಾಂ ಓಡುತ್ತಿದೆಯೇ? ಓಡುತ್ತಿತ್ತು. ಹುಕ್ಕೇರಿಯದನ್ನೂ ಮೂಡಲಗಿಯದನ್ನೂ ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದರು. ಊರಿನ ಹೆಸರು ಬಿಟ್ಟರೆ ಯಾವ ವ್ಯತ್ಯಾಸವೂ ಇರಲಿಲ್ಲ.

ಕೊನೆಗೆ ಕೆಟ್ಟ ದಿನಗಳ ದಾಖಲೆ ತೆಗೆದರು. ಅಲ್ಲಿ ಚಾನೆಲ್ಲಿನ ಸ್ಥಿತಿ ‘ಮಲಗಿದೆ’ ಎಂದಿರಲಿಲ್ಲ, ‘ನಿಲ್ಲಿಸಲಾಗಿದೆ’ ಎಂದಿತ್ತು. ಎರಡೂ ಒಂದೇ ಎಂದು ಸಾಹೇಬರಂಥವರು ಓದಿ ದಾಟಿಬಿಡುತ್ತಾರೆ. ಮಲಗಿದ ಚಾನೆಲ್ಲನ್ನು ಸಂದೇಶ ಎಬ್ಬಿಸುತ್ತದೆ. ಮನುಷ್ಯ ಕೈಯಾರೆ ನಿಲ್ಲಿಸಿದ್ದನ್ನು ಯಾವ ಸಂದೇಶವೂ ಎಬ್ಬಿಸದು. ನಿಲ್ಲು ಎಂದದ್ದನ್ನು ಅದು ನೆನಪಿಟ್ಟುಕೊಂಡಿರುತ್ತದೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದರೂ ಮರೆಯುವುದಿಲ್ಲ. ಮತ್ತೆ ಕೈಯಿಂದಲೇ ಓಡಿಸಬೇಕು.

ನಿಲ್ಲಿಸಿದ್ದು ಮೂಡಲಗಿಯ ಕಂಪ್ಯೂಟರಿನಿಂದಲೇ. ನವೆಂಬರ್ ಇಪ್ಪತ್ತು, ಡಿಸೆಂಬರ್ ಹತ್ತೊಂಬತ್ತು, ಜನವರಿ ಹದಿನೆಂಟು. ಮೂರು ಸಲವೂ ಬೆಳಿಗ್ಗೆ ಎಂಟೂವರೆಯ ಸುಮಾರಿಗೆ.

ಯಾರು ಎಂಬುದು ತಿಳಿದಂತಾಯಿತು. ಯಾಕೆ ಎಂಬುದು ತಿಳಿಯದೆ ಆ ಹಾಳೆಯನ್ನು ಶಿವಪುತ್ರ ಸಾಹೇಬರ ಕೈಗೆ ಕೊಟ್ಟರೆ ದುಂಡಪ್ಪ ಅಂದೇ ಮನೆಗೆ. ದಾಕ್ಷಾಯಿಣಿ ಬಾಯಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದರು. ಮೂರು ತಾರೀಖುಗಳ ನಡುವಿನ ಅಂತರ ಬರೆದರು: ಇಪ್ಪತ್ತೊಂಬತ್ತು, ಮೂವತ್ತು. ಆಮೇಲೆ ಎದ್ದು ಗೋಡೆಯ ಕ್ಯಾಲೆಂಡರನ್ನೂ ಅದರ ಹಿಂದೆ ತೂಗುತ್ತಿದ್ದ ಹಳೆಯ ವರ್ಷದ್ದನ್ನೂ ತಿರುವಿ ನೋಡಿದರು. ಮೂರೂ ತಾರೀಖಿನ ಮನೆಯಲ್ಲಿ ಕಪ್ಪು ಚುಕ್ಕೆ ಇತ್ತು. ಅಮಾವಾಸ್ಯೆ.

ದುಂಡಪ್ಪನಿಗೆ ಫೋನು ಮಾಡಲಿಲ್ಲ. ಫೋನಿನಲ್ಲಿ ಕೇಳಿದರೆ ಜನ ತಾವು ಮಾಡಿದ್ದನ್ನು ಹೇಳುವುದಿಲ್ಲ, ಮಾಡಬೇಕಾದದ್ದನ್ನು ಹೇಳುತ್ತಾರೆ. ಮುಂದಿನ ಅಮಾವಾಸ್ಯೆ, ಫೆಬ್ರುವರಿ ಹದಿನೇಳಕ್ಕೆ ಅರ್ಧ ದಿನದ ರಜೆ ಬರೆದುಕೊಟ್ಟು, ಬೆಳಗಿನ ಬಸ್ಸಿಗೆ ಮೂಡಲಗಿಗೆ ಹೋದರು.

ಎಂಟೂ ಕಾಲಿಗೆ ದುಂಡಪ್ಪ ಕಚೇರಿಯ ಕಸ ಹೊಡೆಯುತ್ತಿದ್ದ. ಮೇಜಿನ ಮೇಲೆ ತೆಂಗಿನಕಾಯಿ, ಊದಿನಕಡ್ಡಿ, ಸೇವಂತಿಗೆ.

“ಬರ್ರಿ ಬಾಯಾರ, ಕುಂದರ್ರಿ. ನೋಟೀಸ ಕೊಟ್ಟಿದ್ದು ಸಾಲಲಿಲ್ಲಂತ ನನ್ನ ಕಾವಲಿಗೆ ನಿಮ್ಮನ್ನ ಕಳಿಸ್ಯಾರೇನ್ರಿ?”

“ನನ್ನಷ್ಟಕ್ಕ ನಾನ ಬಂದೇನಿ ಕಾಕಾ. ನಿಮ್ಮ ಕೆಲಸಾ ನೀವ ಮಾಡ್ರಿ.”

ದುಂಡಪ್ಪ ಕೈ ತೊಳೆದುಕೊಂಡು ಬಂದು ಕಂಪ್ಯೂಟರಿನ ಮುಂದೆ ನಿಂತ. ಪರದೆಯ ಮೇಲೆ ಕಂಪನಿಯವರು ಇಟ್ಟುಕೊಟ್ಟ ಎರಡು ಗುಂಡಿಗಳಿದ್ದವು, ‘ನಿಲ್ಲಿಸು’ ಮತ್ತು ‘ಆರಂಭಿಸು’. ಅವನು ಕನ್ನಡಕ ಏರಿಸಿ ‘ನಿಲ್ಲಿಸು’ ಒತ್ತಿದ. ಕಂಪ್ಯೂಟರ್ ಆರಿಸಿದ. ಆಮೇಲೆ ಅದಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಊದಿನಕಡ್ಡಿ ಬೆಳಗಿ, ಹೊಸ್ತಿಲಿನಲ್ಲಿ ಕಾಯಿ ಒಡೆದ.

“ಅದನ್ಯಾಕ ನಿಲ್ಲಿಸಿದ್ರಿ ಕಾಕಾ?”

“ನಡಿಯೂ ಯಂತ್ರಕ್ಕ ಪೂಜಿ ಮಾಡತಾರೇನ್ರಿ? ಕಾಟಾದ ಮ್ಯಾಲ ಇದ್ದಾಗ್ಲೂ ಅಮಾಸಿಗೆ ತೂಕಾ ನಿಲ್ಲಿಸಿ, ಎಲ್ಲಾ ಇಳಿಸಿ, ಆಮ್ಯಾಲ ಕುಂಕುಮಾ ಹಚ್ಚತಿದ್ನಿ. ನಡಿಯೂ ಕೆಲಸಾ ಹಂಗ ಬಿಟ್ಟು ಕರೆಂಟ ತಗದ್ರ ಕೆಡತೈತಿ ಅಂತ ಮದ್ಲ ಇದನ್ನ ನಿಲ್ಲಸ್ತೇನ್ರಿ.”

“ಮತ್ತ ಪೂಜಿ ಆದಮ್ಯಾಲ ಆರಂಭಿಸು ಯಾಕ ಒತ್ತಂಗಿಲ್ಲ?”

ದುಂಡಪ್ಪ ಬೆರಳಿನಿಂದ ಗೋಡೆ ತೋರಿಸಿದ. ಅಲ್ಲಿ ಅಂಟಿಸಿದ ಸುತ್ತೋಲೆಯ ಕೆಳಗೆ ಶಿವಪುತ್ರ ಸಾಹೇಬರ ದೊಡ್ಡ ಸಹಿ ಇತ್ತು. ‘ಚಾನೆಲ್ ತಾನಾಗಿಯೇ ಆರಂಭವಾಗುತ್ತದೆ. ಸಿಬ್ಬಂದಿ ಯಾವುದೇ ಕಾರಣಕ್ಕೂ ಆರಂಭಿಸು ಗುಂಡಿಯನ್ನು ಒತ್ತತಕ್ಕದ್ದಲ್ಲ.’

“ಸಾಹೇಬ್ರ ಬರದಾರ. ಒತ್ತಿದ್ರ ನಂದು ತಪ್ಪು, ಒತ್ತಲಿಲ್ಲಂದ್ರೂ ನಂದ ತಪ್ಪು. ಏನ ಮಾಡ್ಲಿ?”

ದಾಕ್ಷಾಯಿಣಿ ಬಾಯಿ ಸುತ್ತೋಲೆಯನ್ನು ಎರಡು ಸಲ ಓದಿದರು. ಹರಿಯದಂತೆ ನಾಲ್ಕೂ ಮೂಲೆ ಬಿಡಿಸಿ ಚೀಲಕ್ಕೆ ಹಾಕಿಕೊಂಡರು.

“ಈಗ ಒತ್ತರಿ.”

“ನೌಕರಿ ಹೋದ್ರ?”

“ಒತ್ತಲಿಲ್ಲಂದ್ರ ಹೊಕ್ಕೈತಿ. ಒತ್ತರಿ ಕಾಕಾ.”

ದುಂಡಪ್ಪ ಕಂಪ್ಯೂಟರ್ ಹಚ್ಚಿ, ಅದು ಏಳುವ ತನಕ ಕಾದು, ಕುಂಕುಮದ ಬೆರಳಿನಿಂದಲೇ ಒತ್ತಿದ. ಸ್ಥಿತಿ ‘ಓಡುತ್ತಿದೆ’ ಎಂದಾಯಿತು. ದಿನದ ಮೊದಲ ಟ್ರ್ಯಾಕ್ಟರಿನ ನಂಬರು ಹಾಕಿದ. ಸರತಿಯಲ್ಲಿ ಒಂದು ಎಂದು ಕಾಣಿಸಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಯಾಯಿತು. ಬಾಯಿ ಒಂಬತ್ತೂವರೆಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಹೊರಟುಬಿಟ್ಟರು. ದುಂಡಪ್ಪ ಕೊಟ್ಟ ಅರ್ಧ ಕಾಯಿ ಮೇಜಿನ ಮೇಲೆಯೇ ಉಳಿಯಿತು.

ಗೋಕಾಕದಲ್ಲಿ ಶಿವಪುತ್ರ ಸಾಹೇಬರು ದಾಖಲೆಯ ಹಾಳೆ ನೋಡಿದ್ದೇ ತಡ, ಕುರ್ಚಿಯಲ್ಲಿ ನೆಟ್ಟಗಾದರು. “ನಾ ಹೇಳಲಿಲ್ಲೇನ್ರಿ? ಅಂವಾನ ನಿಲ್ಲಿಸ್ಯಾನ. ಸಾಕ್ಷಿ ಸಿಕ್ತ ನೋಡ್ರಿ.”

“ಇನ್ನೊಂದ ಹಾಳಿ ಐತ್ರಿ,” ಎಂದು ಬಾಯಿ ಸುತ್ತೋಲೆಯನ್ನು ಅದರ ಪಕ್ಕಕ್ಕಿಟ್ಟರು. “ನಿಲ್ಲಿಸಿದ್ದು ಅಂವಾ. ಚಾಲೂ ಮಾಡಬ್ಯಾಡ ಅಂದಾವ್ರು ನೀವು. ಕೈಲೆ ನಿಲ್ಲಿಸಿದ್ದು ಕೈಲೇ ಚಾಲೂ ಆಗಬೇಕಂತ ಕಂಪನಿ ಪುಸ್ತಕದಾಗ ಐತಿ. ನಲವತ್ತೆರಡನೇ ಪಾನ. ನಿಮ್ಮ ಕಪಾಟಿನ್ಯಾಗ ಇರೂ ಪ್ರತಿದು ಪ್ಲಾಸ್ಟಿಕ್ ಸೈತ ಹರಿದಿಲ್ಲ.”

ಸಾಹೇಬರು ಸುತ್ತೋಲೆಯನ್ನು ಬೋರಲು ಹಾಕಿ, “ನೆಟ್‌ವರ್ಕ್ ಅಂತ ಬರದ ಮುಗಿಸೂನ್ರಿ,” ಎಂದರು.

“ಮುಗಿಸ್ರಿ. ನೋಟೀಸ ಮದ್ಲ ವಾಪಸ್ ತಗೋರಿ. ಇಲ್ಲಂದ್ರ ಎರಡೂ ಹಾಳಿ ಕೂಡೇ ಮ್ಯಾಲ ಹೊಕ್ಕಾವು.”

ನೋಟೀಸು ವಾಪಸಾಯಿತು. ಹೊಸ ಸುತ್ತೋಲೆಯನ್ನು ದಾಕ್ಷಾಯಿಣಿ ಬಾಯಿಯೇ ಬರೆದರು: ‘ನಿಲ್ಲಿಸಿದವರೇ ಆರಂಭಿಸಬೇಕು.’ ಸಾಹೇಬರು ಓದದೆ ಸಹಿ ಹಾಕಿದರು. ಈ ಒಂದು ಸಲ ಅದರಿಂದ ಯಾರಿಗೂ ನಷ್ಟವಾಗಲಿಲ್ಲ.

ಸಂಜೆ ಗೇಟಿನವನು ಬಂದು ಬಾಯಿಯ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಅರ್ಧ ತೆಂಗಿನಕಾಯಿ ಇಟ್ಟು ಹೋದ. ಮೂಡಲಗಿಯ ಟ್ರ್ಯಾಕ್ಟರಿನವನ ಕೈಯಲ್ಲಿ ದುಂಡಪ್ಪ ಕಳಿಸಿದ್ದ.

“ಡೀಸಲ್ ವಾಸನಿ ಹೊಡಿತೈತಿ,” ಎಂದು ಮೂಗು ಮುರಿದು ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಕಾಯಿ ತಂದ ಟ್ರ್ಯಾಕ್ಟರಿನ ನಂಬರು ಒಂದು ತಾಸು ಮೊದಲೇ ಅವರ ಪರದೆಯ ಮೇಲೆ ಬಂದು ಕೂತಿತ್ತು.