ಇಂಗಾಲದ ದಾಸ್ತಾನು

ಗುಂಡ್ಲುಪೇಟೆಯಲ್ಲಿ ನಮ್ಮದು ಸೌದೆ ಡಿಪೋ. ದಾಸ್ತಾನು ಎಂಬ ಮಾತು ನಮ್ಮ ಮನೆಯಲ್ಲಿ ಉಪ್ಪು ಎಂಬಷ್ಟೇ ಸಲೀಸು. ಅಬ್ಬಾನ ಅಂಗಿ ಜೇಬಿಗೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ. ಚಾಮರಾಜನಗರದ ಕಾಲೇಜಿನಲ್ಲಿ, ಬಿಎಸ್ಸಿ ಕೊನೆಯ ವರ್ಷ, ಕಾಡನ್ನೂ ನೆಟ್ಟ ತೋಪನ್ನೂ ಹೋಲಿಸುವ ಪ್ರಾಜೆಕ್ಟ್ ನನಗೆ ಬಂತು. ಮರ ತನ್ನೊಳಗೆ ಹಿಡಿದಿಟ್ಟ ಇಂಗಾಲಕ್ಕೆ ನಾನು ಇಟ್ಟ ಹೆಸರೂ ಅದೇ: ಇಂಗಾಲದ ದಾಸ್ತಾನು. ಎಂಥಾ ಜಾಣೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಜೊತೆಗಿದ್ದವಳು ಉಡಿಗಾಲದ ಒಕ್ಕಲು ಮನೆಯ ಗೆಳತಿ. ಅಮ್ಮಿಯ ಹೊಲಿಗೆ ಟೇಪು, ಒಂದು ಡಬ್ಬಿ ಹಳದಿ ಬಣ್ಣ ಹಿಡಿದು ಹೊರಟೆವು. ಗುಡ್ಡದ ಕಾಡಿನಲ್ಲಿ ಅಳೆಯುವುದೇ ರಗಳೆ. ದಿಂಡಿಗ, ಕಕ್ಕೆ, ನೆಲ್ಲಿ, ಹೆಸರೇ ತಿಳಿಯದ ಮುಳ್ಳುಗಿಡಗಳು, ಒಂದಾದರೂ ನೆಟ್ಟಗಿರಬೇಕಲ್ಲ! ಟೇಪು ಸುತ್ತಲು ಹೋದರೆ ಕೆಂಜಿಗ ಕಚ್ಚುತ್ತಿತ್ತು, ಕಾಲಬುಡದಿಂದ ಗೌಜಲಹಕ್ಕಿ ಬುರ್ರೆಂದು ಹಾರುತ್ತಿತ್ತು. ಬೇಗೂರಿನ ಹತ್ತಿರ ಒಬ್ಬ ಜಮೀನುದಾರರ ನೀಲಗಿರಿ ತೋಪಿನಲ್ಲಿ ಮಾತ್ರ ಪರಮಸುಖ. ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಮರಗಳು ಸಾಲಾಗಿದ್ದವು. ಹಕ್ಕಿಯ ದನಿಯೇ ಇಲ್ಲ. ಎಲ್ಲಕ್ಕಿಂತ ದಪ್ಪಗಿದ್ದ, ಬುಡ ಸೊಟ್ಟಗಿದ್ದ ಮರದ ಮೇಲೆ ನಾನೇ ಒಂಬತ್ತು ಎಂದು ಬರೆದೆ.

ಲೆಕ್ಕ ಹಾಕಿದರೆ, ಜೀವವೈವಿಧ್ಯದಲ್ಲಿ ತೋಪು ಕಾಡಿನ ಕಾಲಧೂಳಿಗೂ ಸಮವಿರಲಿಲ್ಲ. ಮರಗಳೊಳಗಿನ ಇಂಗಾಲ ಮಾತ್ರ ಹೆಚ್ಚುಕಡಿಮೆ ಸರಿಸಮ. "ಹಕ್ಕಿ ಇಲ್ಲದಿದ್ದರೇನು, ದಾಸ್ತಾನು ಭದ್ರ" ಎಂದೆ.

ಗೆಳತಿ ಒಪ್ಪಲಿಲ್ಲ. "ನಮ್ಮಟ್ಟಿ ಹಗೇವು ನೋಡಿದ್ದೀಯಲ್ಲ ಕಣಮ್ಮಿ? ನೆಲದೊಳ್ಗೆ ರಾಗಿ ಸುರ್ದು ಮುಚ್ಬುಟ್ರೆ ವರ್ಸಗಟ್ಲೆ ಇರ್ತದೆ. ಕಾಡೂ ಅಂಗೇಯ. ತೋಪು ಸಂತೇಗೆ ಕಟ್ಟಿಟ್ಟ ಮೂಟೆ."

ನಾನು ನಕ್ಕುಬಿಟ್ಟೆ. ಸೋಮವಾರ ತರಗತಿಯ ಮುಂದೆ ಓದಬೇಕಿದ್ದ ತೀರ್ಮಾನದಲ್ಲಿ 'ಭದ್ರ' ಎಂದೇ ಉಳಿಯಿತು. ಹಿಂದಿನ ಸಲ ಮನೆಗೆ ಬಂದಾಗಲೂ ಊಟದ ಹೊತ್ತಿಗೆ ಆ ತೋಪನ್ನೇ ಹೊಗಳಿದ್ದೆ.

ಶನಿವಾರ ಬಸ್ಸಿಳಿದು ಡಿಪೋದ ಗೇಟು ದಾಟಿದವಳಿಗೆ ನೀಲಗಿರಿಯ ಹಸಿ ವಾಸನೆ ಮೂಗಿಗೆ ಬಡಿಯಿತು. ಅಂದಿನ ಎರಡನೇ ಲೋಡಿನ ಲಾರಿ ಖಾಲಿಯಾಗುತ್ತಿತ್ತು. ಸಿಪ್ಪೆ ಸುಲಿದ ನೇರ ಗಳಗಳು ಒಂದು ಕಡೆ, ಸೌದೆಗೆಂದು ಬೇರೆ ಮಾಡಿದ ಬುಡಗಳು ಇನ್ನೊಂದು ಕಡೆ. ಬುಡಗಳ ಮೇಲೆ ಹಳದಿ ಅಂಕಿಗಳಿದ್ದವು. ನನ್ನದೇ ಕೈಬರಹ!

ಅಬ್ಬಾ ಲಾರಿಯವನ ಹತ್ತಿರ ಹೆಮ್ಮೆಯಿಂದ ಹೇಳುತ್ತಿದ್ದರು: "ನನ್ ಮಗ್ಳು ನಂಬ್ರು ಹಾಕಿದ್ ಮರ ಕಣ್ಲಾ! ಅವ್ಳು ಒಗುಳುದ್ಲು ಅಂತ್ಲೇ ಓಗಿ ನೋಡ್ದೆ. ಇಡೀ ತೋಪೇ ತಕ್ಕಬುಟ್ಟೆ."

"ಹಾಗಾದರೆ ತೋಪು?" ಎಂದೆ. ಉರ್ದುವಿನಲ್ಲಿ ಕೇಳಿದೆನೋ ಕನ್ನಡದಲ್ಲೋ, ಈಗಲೂ ನೆನಪಾಗುವುದಿಲ್ಲ.

ಲಾರಿಯವನು ಉತ್ತರ ಕೊಟ್ಟ. "ತೋಪು ಎಲ್ಲಿ ಅದೆ ಕಣವ್ವ? ಎಲ್ಲಾ ಕುಯ್ದಾಯ್ತು. ಬಯಲು ಈಗ."

ಅಬ್ಬಾ ನನ್ನ ಮುಖ ನೋಡಿ, ಪ್ರಯಾಣದ ಆಯಾಸವೆಂದುಕೊಂಡು, ಸ್ನಾನ ಮಾಡಲು ಕಳಿಸಿದರು. ಬಚ್ಚಲಲ್ಲಿ ಅಮ್ಮಿ ಹಂಡೆಗೆ ಉರಿ ಹಾಕಿದ್ದರು. ಒಲೆಯಿಂದ ಹೊರಚಾಚಿದ ಸೀಳಿನ ಮೇಲೆ ಒಂಬತ್ತು, ಅರ್ಧ ಸುಟ್ಟಿತ್ತು. ಹಸಿ ಸೌದೆ, ಹೊಗೆಯೋ ಹೊಗೆ. ನಾನು ಭದ್ರವೆಂದು ಬರೆದದ್ದೆಲ್ಲ ಗೋಡೆಯ ಕಿಂಡಿಯಿಂದ ಊರ ಮೇಲೆ ಹೋಗುತ್ತಿತ್ತು.