ಬ್ರೇಕಿಗೆ ಹಚ್ಚಿದ ತೆಂಗಿನೆಣ್ಣೆ

ನನಗೆ ಸೈಕಲ್ ಬರುವುದಿಲ್ಲ. ನನ್ನ ತಂಗಿಗೆ ಬರುತ್ತದೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇದೊಂದೇ ಆಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆನೋ ಏನೋ.

ಆ ಚಳಿಗಾಲ ಅವಳು ವಿಸಿಟ್ ವೀಸಾದಲ್ಲಿ ದುಬೈಗೆ ಬಂದು ನೈಫ್‌ನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ, ಸೋಫಾ ಸರಿಸಿದ ಜಾಗದಲ್ಲಿ, ಹಾಸಿಗೆ ಹಾಕಿಕೊಂಡಿದ್ದಳು. ಗಂಡನ ಮನೆ ಬಿಟ್ಟು ಬಂದವಳು. ಅವನು ಹೊಡೆಯುತ್ತಿದ್ದ. ಮಕ್ಕಳಾಗಲಿಲ್ಲ ಎಂಬುದು ಅವನಿಗೆ ಸಿಕ್ಕಿದ ನೆಪ. ಉಡುಪಿಯಲ್ಲಿ ಅಣ್ಣನ ಮನೆ ಇತ್ತು, ಅಮ್ಮ ಇದ್ದದ್ದೂ ಅಲ್ಲೇ. ಆದರೆ ಅತ್ತಿಗೆ, "ಇಲ್ಲಿ ಹೆಚ್ಚು ದಿನ ಆಗ್ಲಿಕ್ಕಿಲ್ಲ" ಎಂದು ಮುಖಕ್ಕೇ ಹೇಳಿಬಿಟ್ಟಿದ್ದಳು. ಇಲ್ಲಿ ಕೆಲಸ ಸಿಕ್ಕಿದರೆ ತಂಗಿ ಉಳಿಯುತ್ತಾಳೆ, ಸಿಗದಿದ್ದರೆ ಅವನ ಮನೆಗೇ ವಾಪಸ್ಸು. ಇದು ಅವಳಿಗೆ ಗೊತ್ತಿತ್ತು. ನನಗೂ ಚೆನ್ನಾಗಿ ಗೊತ್ತಿತ್ತು.

ಮೊದಲ ಎರಡು ವಾರ ನಾನು ಒಳ್ಳೆಯ ಅಕ್ಕನೇ ಆಗಿದ್ದೆ. ಆಮೇಲೆ ನನ್ನ ಒಂಬತ್ತು ವರ್ಷದ ಮಗಳು ತುಳು ಮಾತಾಡತೊಡಗಿದಳು. ನಾನು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಅವಳು. ಬೈದು, ಮುದ್ದು ಮಾಡಿ, ಚಾಕೊಲೇಟಿನ ಆಸೆ ತೋರಿಸಿ ಸೋತಿದ್ದೆ. ಈಗ ಚಿಕ್ಕಿಯ ಜೊತೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪಟಪಟ ತುಳು. ಶಾಲೆಯಿಂದ ಬಂದವಳು ಬಾಗಿಲಲ್ಲೇ "ಚಿಕ್ಕೀ" ಎಂದು ಕೂಗುತ್ತಿದ್ದಳು. ಕೆಲಸ ಮುಗಿಸಿ ಬಂದ ನಾನು ಅಲ್ಲೇ ಶೂ ಬಿಚ್ಚುತ್ತಿದ್ದರೂ ಕಾಣುತ್ತಿರಲಿಲ್ಲ. ನನ್ನ ಗಂಡನಂತೂ ಮೀನು ಸಾರು ಸುರಿದುಕೊಂಡು, "ಹೀಗೆ ಊರಿನಲ್ಲೇ ಉಂಡದ್ದು" ಎಂದ. ನನಗೆ ಹೊಟ್ಟೆಕಿಚ್ಚಾಯಿತು. ಇದನ್ನು ಇನ್ನೂ ಚಂದದ ಮಾತಿನಲ್ಲಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ವೀಸಾ ಮುಗಿಯಲು ಹನ್ನೊಂದು ದಿನ ಇದ್ದಾಗ ದಾರಿಯೊಂದು ತೆರೆಯಿತು. ನನ್ನ ಗಂಡನ ಮ್ಯಾನೇಜರರ ಹೆಂಡತಿ ಊದ್ ಮೇಥಾದಲ್ಲಿ ಸಣ್ಣ ಮಕ್ಕಳ ನರ್ಸರಿ ನಡೆಸುತ್ತಿದ್ದರು. ಮಂಗಳೂರಿನ ಕೊಂಕಣಿಯವರು, ನಮ್ಮೊಡನೆ ಕನ್ನಡ; ನಮಗೆ ಅವರು ಮೇಡಂ. ಅವರಿಗೊಬ್ಬ ಸಹಾಯಕಿ ಬೇಕಾಗಿತ್ತು. "ಇಂಟರ್‌ವ್ಯೂ ಎಲ್ಲ ಎಂತಕ್ಕೆ? ನಾವು ಶುಕ್ರವಾರ ಡೆಸರ್ಟಿಗೆ ಕ್ಯಾಂಪಿಂಗ್ ಹೋಗ್ತೇವೆ, ನೀವೂ ಬನ್ನಿ. ಮಕ್ಕಳೊಟ್ಟಿಗೆ ಹೇಗಿರ್ತಾಳೆ ಅಂತ ನಾನು ನೋಡ್ತೇನೆ, ಅಷ್ಟೇ" ಎಂದರು.

ನಾವು ಹೋದದ್ದು ನಗರದಾಚೆ, ಗೂಡ್ಸ್ ರೈಲಿನ ಹಳಿಯ ಪಕ್ಕದಲ್ಲೇ ಸೈಕಲ್ ದಾರಿ ಹಾದುಹೋಗುವ ಕಡೆ. ಎರಡು ಟೆಂಟು, ಗ್ಯಾಸಿನ ಒಲೆ, ಡಬ್ಬದ ತುಂಬ ಕೋರಿ ರೊಟ್ಟಿ; ಕರಾವಳಿಯವರು ಮರಳುಗಾಡಿಗೆ ಹೋದರೂ ಅರ್ಧ ಅಡುಗೆಮನೆ ಹೊತ್ತುಕೊಂಡೇ ಹೋಗುವುದು. ಕಾರಿನ ಹಿಂದೆ ಮಗಳ ಸೈಕಲ್ಲನ್ನೂ ಕಟ್ಟಿಕೊಂಡಿದ್ದೆವು. ತಂಗಿಗೆ ಮ್ಯಾನೇಜರರು ತಮ್ಮ ಸೈಕಲ್ ಕೊಟ್ಟರು.

ಶನಿವಾರ ಬೆಳಿಗ್ಗೆ ಮಗಳ ಸೈಕಲ್ ಬ್ರೇಕ್ ಹಿಡಿದಾಗಲೆಲ್ಲ ಕೀಂ ಎಂದು ಕಿರುಚುತ್ತಿತ್ತು. ಮೇಡಂ ಕಿವಿ ಮುಚ್ಚಿಕೊಂಡು ನಕ್ಕರು. ಅವರೆದುರು ನಮ್ಮ ಸಾಮಾನು ಹೀಗೆ ಕಿರುಚುವುದು ನನಗೆ ಅವಮಾನ. ನಮ್ಮಲ್ಲಿ ಕಿರುಗುಟ್ಟುವ ಬಾಗಿಲಿಗೆ, ತುರಿಕೆಗೆ, ಸುಟ್ಟ ಗಾಯಕ್ಕೆ, ಉದುರುವ ಕೂದಲಿಗೆ ಎಲ್ಲಕ್ಕೂ ಔಷಧ ಒಂದೇ. ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದ ತೆಂಗಿನೆಣ್ಣೆಯನ್ನು ಒಲೆಯ ಬಳಿ ಕರಗಿಸಿದೆ. ಸದ್ದು ಎಲ್ಲಿಂದ ಬರುತ್ತದೋ ಅಲ್ಲಿಗೇ ಹಚ್ಚಿದೆ: ಎರಡೂ ಚಕ್ರಗಳ ರಿಮ್ಮಿಗೆ, ಬ್ರೇಕಿನ ರಬ್ಬರಿಗೆ, ಬೆರಳಲ್ಲಿ ಚೆನ್ನಾಗಿ ಉಜ್ಜಿ. ಸೈಕಲ್ ತಳ್ಳಿ ಬ್ರೇಕ್ ಒತ್ತಿದೆ, ಸದ್ದಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಸೈಕಲ್ ಬಿಡಲು ಬಂದಿದ್ದರೆ ಗೊತ್ತಿರುತ್ತಿತ್ತು, ಆ ಜಾಗಕ್ಕೆ ಎಣ್ಣೆ ತಾಗಿಸಬಾರದೆಂದು.

ಚಿಕ್ಕಿಯೂ ಮಗಳೂ ಸೈಕಲ್ ಹತ್ತಿ ಹೊರಟರು. ಗಂಡಸರು ಒಲೆಯ ಮುಂದೆ ಉಳಿದರು. ನಾನೂ ಮೇಡಮ್ಮೂ ನಡೆದುಕೊಂಡು ಹಿಂದೆ ಹೋದೆವು. ನಾನು ಜೊತೆಗೆ ಬರಲೇ ಎಂದು ಕೇಳಿದ್ದಕ್ಕೆ ಮಗಳು, "ಅಮ್ಮಾ, ಯು ಆರ್ ಸೋ ಸ್ಲೋ" ಎಂದಿದ್ದಳು. ಮುಂದೆ ತಂಗಿ ಹೆಗಲ ಮೇಲಿಂದ ತಿರುಗಿ ತಿರುಗಿ ನೋಡುತ್ತ, "ಎಡಗಡೆ ಬಾ, ಮೆಲ್ಲ, ಮೆಲ್ಲ" ಎನ್ನುವುದು ಕೇಳುತ್ತಿತ್ತು.

"ತುಂಬ ಜೋಪಾನ ಮಾಡ್ತಾಳಲ್ಲ ನಿಮ್ಮ ತಂಗಿ. ನನಗೆ ಇಂಥವಳೇ ಬೇಕು. ಭಾನುವಾರ ಪೇಪರ್ಸ್ ಕಳಿಸ್ಲಿಕ್ಕೆ ಹೇಳಿ," ಎಂದರು ಮೇಡಂ.

ತಂಗಿಯ ಕೆಲಸ ಆಯಿತು. ಇನ್ನವಳು ಇಲ್ಲೇ ಇರುತ್ತಾಳೆ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಅಷ್ಟರಲ್ಲಿ ದೂರದಲ್ಲಿ ರೈಲಿನ ಸದ್ದಾಯಿತು. ಮುಂದೆ ಸೈಕಲ್ ದಾರಿ ಹಳಿಯ ಅಡಿಗೆ ಇಳಿದು ಆಚೆ ಹೋಗುತ್ತಿತ್ತು. ತಂಗಿ ಇಳಿಜಾರಿನ ತಲೆಯಲ್ಲೇ ಸೈಕಲ್ ನಿಲ್ಲಿಸಿ ಇಳಿದು ಕೈ ಅಡ್ಡ ಹಿಡಿದಳು. ಮಗಳೂ ಬ್ರೇಕ್ ಒತ್ತಿದಳು. ಸೈಕಲ್ ನಿಲ್ಲಲಿಲ್ಲ. ಚಿಕ್ಕಿಯ ಕೈ ದಾಟಿ ಇಳಿಜಾರಿನಲ್ಲಿ ಜಾರಿ ಸುರಂಗದ ಗೋಡೆಗೆ ಗುದ್ದಿತು.

ನಾನು ಓಡಿ ತಲುಪುವಾಗ ತಂಗಿ ಮಗಳನ್ನು ತೊಡೆಯ ಮೇಲೆ ಮಲಗಿಸಿ ಗಲ್ಲಕ್ಕೆ ತನ್ನ ಶಾಲು ಒತ್ತಿ ಹಿಡಿದಿದ್ದಳು. ಶಾಲು ಪೂರ್ತಿ ರಕ್ತ. ಮಗಳು ಅತ್ತದ್ದು ಕೇಳಿ ಜೀವ ಬಂತು. ಅಳುವಷ್ಟಾದರೂ ಇದ್ದಾಳಲ್ಲ ಎಂದು. ಬಿದ್ದ ಸೈಕಲ್ಲನ್ನು ಎತ್ತಿದೆ. ಚಕ್ರ ಹಿಡಿದ ಕೈ ಜಾರಿತು. ಬೆರಳು ಮೂಸಿದೆ. ನನಗೆ ಆ ಕ್ಷಣವೇ ಎಲ್ಲ ತಿಳಿಯಿತು. ತಲೆಯೆತ್ತಿದರೆ ತಂಗಿ ನನ್ನನ್ನೇ ನೋಡುತ್ತಿದ್ದಳು. ಬೆಳಿಗ್ಗೆ ನಾನು ಎಣ್ಣೆ ಕರಗಿಸುವಾಗ ಪಕ್ಕದಲ್ಲೇ ಚಹಾ ಸೋಸುತ್ತಿದ್ದವಳು ಅವಳು. ತಲೆಗೆ ಹಚ್ಚಲಿಕ್ಕೆ ಎಂದು ತಿಳಿದಿದ್ದಳು, ಪಾಪ.

ಮೇಡಂ ಏದುಸಿರು ಬಿಡುತ್ತ ಬಂದರು. "ಎಂತ ಆಯ್ತು? ಹೇಗೆ ಬಿದ್ದಳು?"

"ಬ್ರೇಕ್ ಹಿಡೀಲಿಲ್ಲ..." ಎಂದಳು ತಂಗಿ.

"ಬ್ರೇಕ್ ಸರಿ ಉಂಟು," ಎಂದೆ ನಾನು. "ಬೆಳಿಗ್ಗೆ ನಾನೇ ನೋಡಿದ್ದೇನೆ. ರೈಲು ನೋಡ್ಲಿಕ್ಕೆ ಅಂತ ನೀನೇ ಮಗುವನ್ನು ಓಡಿಸಿದ್ದು."

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಸುಳ್ಳಿಗೆ ಅಷ್ಟು ಸಾಕಿತ್ತು. ಆದರೆ ನನ್ನ ನಾಲಿಗೆಗೆ ಎರಡು ತಿಂಗಳ ಹಸಿವಿತ್ತು.

"ಹೆತ್ತವಳಿಗಲ್ಲವಾ ಮಕ್ಕಳ ಬೆಲೆ ಗೊತ್ತಾಗುವುದು. ಇವಳಿಗೆ ಎಂತ ಗೊತ್ತು?"

ಇದನ್ನೇ ಅವಳ ಗಂಡ ಹೇಳುತ್ತಿದ್ದ. ಅವಳು ಅತ್ತು ನನಗೆ ಹೇಳಿಕೊಂಡಿದ್ದ ಮಾತು ಅದು. ನಾನು ಅದನ್ನು ನೆನಪಿಟ್ಟುಕೊಂಡು ಇಲ್ಲಿ ತೆಗೆದು ಎಸೆದೆ. ಮೇಡಂ ಮುಖ ಆಚೆ ತಿರುಗಿಸಿದರು. ತಂಗಿ ಮಗಳ ಗಲ್ಲದ ಮೇಲಿನ ಶಾಲನ್ನು ಸರಿಮಾಡುತ್ತ ತಲೆ ತಗ್ಗಿಸಿಯೇ ಕೂತಳು.

ಗಲ್ಲಕ್ಕೆ ಐದು ಹೊಲಿಗೆ ಬಿತ್ತು. ಆಸ್ಪತ್ರೆಗೆ ಹೊರಡುವ ಮುಂಚೆ, ಎಲ್ಲರೂ ಟೆಂಟು ಮಡಚುವ ಗಡಿಬಿಡಿಯಲ್ಲಿದ್ದಾಗ, ನಾನು ಒದ್ದೆ ಟಿಶ್ಯೂವಿನಿಂದ ಚಕ್ರಗಳನ್ನು ಒರೆಸಿದೆ. ಮಗಳ ಗಲ್ಲ ಹರಿದಿರುವಾಗ ನಾನು ಮಾಡಿದ ಕೆಲಸ ಅದು.

ಭಾನುವಾರ ಮೇಡಂ ಫೋನ್ ಮಾಡಿದರು. ಒಳ್ಳೆಯ ಹೆಂಗಸು. "ಮಕ್ಕಳು ಅಂದ ಮೇಲೆ ಬೀಳ್ತಾರೆ. ನೀವು ಸಿಟ್ಟಲ್ಲಿ ಹೇಳಿದ್ದು ಅಂತ ನನಗೆ ಅನ್ನಿಸ್ತದೆ. ನೀವೊಂದು ಮಾತು ಹೇಳಿದ್ರೆ ನಾನು ಅವಳನ್ನು ತಗೊಳ್ತೇನೆ," ಎಂದರು. ತಂಗಿ ಅಲ್ಲೇ ಮಗಳಿಗೆ ಗಂಜಿ ತಿನ್ನಿಸುತ್ತಿದ್ದಳು. ಚಮಚ ಹಿಡಿದ ಕೈ ನಿಂತಿತು.

"ಬೇಡ ಮೇಡಂ," ಎಂದೆ. "ನಾಳೆ ಬೇರೆಯವರ ಮಕ್ಕಳಿಗೆ ಏನಾದ್ರೂ ಆದ್ರೆ ನನಗೆ ಮುಖ ತೋರಿಸ್ಲಿಕ್ಕೆ ಆಗ್ಲಿಕ್ಕಿಲ್ಲ."

ತಂಗಿ ಜಗಳಾಡಲಿಲ್ಲ. ಗಂಜಿ ಮುಗಿಸಿ, ಬಟ್ಟಲು ತೊಳೆದಿಟ್ಟು, ನನ್ನೆದುರು ಬಂದು ನಿಂತು, "ನನಗೆ ಹೋಗ್ಲಿಕ್ಕೆ ಬೇರೆ ಜಾಗ ಇಲ್ಲ ಅಂತ ನಿನಗೆ ಗೊತ್ತುಂಟಲ್ಲ ಅಕ್ಕ?" ಎಂದು ಕೇಳಿದಳು. ಗೊತ್ತುಂಟು ಎಂದೆ.

ಅವಳನ್ನು ವಿಮಾನ ಹತ್ತಿಸಿ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಮಗಳು ಇಂಗ್ಲಿಷೂ ತುಳುವೂ ಬೆರೆಸಿ ಹೇಳಿದಳು, "ಅಮ್ಮಾ, ಇಟ್ ವಾಸ್ ದ ಬ್ರೇಕ್ಸ್. ಚಿಕ್ಕಿಗೆ ಹೇಳಿದ್ದೆ. ಅಮ್ಮನಿಗೆ ಹೇಳ್ಬೇಡ, ಬೇಜಾರಾಗ್ತದೆ ಅಂದ್ಳು." ನನ್ನ ಗಂಡ ಕನ್ನಡಿಯಲ್ಲಿ ಅವಳನ್ನು ನೋಡಿ, ನನ್ನನ್ನು ನೋಡಿದ. "ಖಲಾಸ್, ಆ ಸುದ್ದಿ ಬಿಡು," ಎಂದೆ. ಅಂದಿನಿಂದ ಮಗಳು ನನ್ನೊಡನೆ ತುಳುವಿನಲ್ಲಿ ಒಂದು ಮಾತೂ ಆಡಿಲ್ಲ.

ಮೂರು ವಾರದ ಮೇಲೆ ಅಮ್ಮ ಫೋನ್ ಮಾಡಿದಳು. ತಂಗಿಯ ಗಂಡ ಅಣ್ಣನ ಮನೆಗೆ ಬಂದು ಅವಳನ್ನು ಕರೆದುಕೊಂಡು ಹೋದನಂತೆ. ತಂಗಿ ಎದುರು ಮಾತಾಡದೆ ಚೀಲ ಹಿಡಿದು ಹೋಗಿ ಕಾರಿನಲ್ಲಿ ಕೂತಳಂತೆ. ಇಷ್ಟು ಹೇಳಿ ಅಮ್ಮ ಅಳುತ್ತಿದ್ದಳು.

"ಒಳ್ಳೆದಾಯ್ತಲ್ಲ ಅಮ್ಮ," ಎಂದೆ ನಾನು.